ಚಿನ್ನಸ್ವಾಮಿಯ ಆಣೆ

ಗಂಡ ಚಿನ್ನಸ್ವಾಮಿಯ ಹೆಣ ಮಲಗಿಸಿದ್ದ ಕೋಣೆಗೆ ಮಾರಕ್ಕ ಒಳಗಿನಿಂದ ಅಗುಳಿ ಹಾಕಿಕೊಂಡಳು. ಹೊರಗೆ ಅಂಗಳದಲ್ಲಿ ಹೆಣಕ್ಕೆ ಸ್ನಾನ ಮಾಡಿಸಲು ಹಂಡೆ ನೀರು ಕಾದಿತ್ತು. ಜಡಿಗೇನಹಳ್ಳಿಯ ಅರ್ಧ ಊರೇ ಅಲ್ಲಿ ಕೂತಿತ್ತು.

"ಮಾರಕ್ಕ, ಬಾಗ್ಲು ತೆಗಿಯಮ್ಮ. ಮಣ್ಣಿಗೆ ಹೊತ್ತಾಯ್ತದೆ," ಗಂಡನ ಅಣ್ಣ ಜವರಪ್ಪ ಕೂಗಿದ.

"ಒಂದ್ಗಳಿಗೆ ತಡೀರಿ ಭಾವ."

ಅವಳಿಗೆ ಅಳುವೂ ಬರಲಿಲ್ಲ, ಏನೂ ಅನ್ನಿಸಲಿಲ್ಲ. ಗಂಡನ ಸೊಂಟಕ್ಕೆ ಸುತ್ತಿದ್ದ ಬಟ್ಟೆಯನ್ನು ಊರವರು ಕಾಣುವ ಮೊದಲೇ ಬಿಚ್ಚಬೇಕು, ಅಷ್ಟೇ.

*

ಚಿನ್ನಸ್ವಾಮಿಯ ಪ್ರಾಸ್ಟೇಟ್ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ರೇಡಿಯೇಷನ್ ಕೊಟ್ಟಿದ್ದರು. ಊರವರ ಬಾಯಲ್ಲಿ ಅದು 'ಕರೆಂಟು'. ಕರೆಂಟು ಮುಗಿದ ದಿನ, ರೋಗ ಸುಟ್ಟುಹೋಯಿತೆಂದು ಮನೆಯಲ್ಲಿ ಒಬ್ಬಟ್ಟೂ ಆಯಿತು. ಆಮೇಲೂ ಆಗಾಗ ರಕ್ತಪರೀಕ್ಷೆಗೆ ಹೋಗಬೇಕಿತ್ತು. ಹೋದಾಗಲೆಲ್ಲ ಡಾಕ್ಟರು ಕೇಳುತ್ತಿದ್ದರು.

"ಮೂತ್ರ ತಡೆಯೋಕಾಗುತ್ತಾ? ರಕ್ತ ಏನಾದ್ರೂ ಹೋಗುತ್ತಾ? ಸೊಂಟ ನೋವು?"

"ಏನೂ ಇಲ್ಲ ಸಾರ್. ಗುಂಡುಕಲ್ಲಿದ್ದಂಗಿದೀನಿ."

ಪಕ್ಕದಲ್ಲಿ ನಿಂತ ಮಗ ಕಾಂತರಾಜು ಹೆಮ್ಮೆಯಿಂದ ನಗುತ್ತಿದ್ದ.

ಮನೆಗೆ ಬಂದರೆ ಈ ಗುಂಡುಕಲ್ಲಿಗೆ ಮಾರಕ್ಕ ಹಳೇ ಸೀರೆ ಹರಿದು ಕಟ್ಟಬೇಕಿತ್ತು. ಒಗೆದದ್ದನ್ನು ಯಾರಿಗೂ ಕಾಣದಂತೆ ಕೊಟ್ಟಿಗೆಯೊಳಗೆ ಹರವುತ್ತಿದ್ದಳು. "ಯಾರ್ಗಾದ್ರೂ ಹೇಳಿದ್ರೆ ನನ್ನ ಮೇಲಾಣೆ," ಎಂದಿದ್ದ. ಬರಬರುತ್ತ ಸೊಂಟದ ನೋವು ಜಾಸ್ತಿಯಾಯಿತು. ಅವನು ತಪಾಸಣೆಗೆ ಹೋಗುವುದನ್ನೇ ಬಿಟ್ಟ. ಆಣೆ ಮುರಿದರೆ ಗಂಡ ಸಾಯುತ್ತಾನೆಂದು ಮಾರಕ್ಕ ಬಾಯಿ ಮುಚ್ಚಿಕೊಂಡಳು.

*

ಹೆಣವನ್ನು ಹೊರಳಿಸಲು ಒಬ್ಬಳ ಕೈಲಾಗಲಿಲ್ಲ. ಬಾಗಿಲು ಸ್ವಲ್ಪವೇ ತೆರೆದು ಮಗನನ್ನು ಮಾತ್ರ ಒಳಗೆ ಕರೆದಳು.

ಬಟ್ಟೆಯನ್ನೂ ಅದರ ಮೇಲಿನ ರಕ್ತವನ್ನೂ, ಒದ್ದೆಗೆ ಸುಲಿದುಹೋಗಿದ್ದ ತೊಡೆಯನ್ನೂ ಕಾಂತರಾಜು ನೋಡಿದ.

"ಯಾವಾಗ್ಲಿಂದಮ್ಮ ಇದು?"

"ಕರೆಂಟ್ ಕೊಟ್ಟ ಮೇಲಿಂದ."

"ಡಾಕ್ಟ್ರು ಪ್ರತಿ ಸಲ ಕೇಳ್ತಿದ್ರಲ್ಲ! ಅಪ್ಪ ಯಾಕೆ ಹೇಳ್ಲಿಲ್ಲ?"

ಮಾರಕ್ಕ ಬಟ್ಟೆಯ ಗಂಟು ಬಿಚ್ಚುತ್ತಲೇ ಹೇಳಿದಳು: "ನೀನು ಪಕ್ಕದಲ್ಲೇ ನಿಂತಿರ್ತಿದ್ದಲ್ಲಪ್ಪ."

ಇಬ್ಬರೂ ಸೇರಿ ಒರೆಸಿ, ಬೇರೆ ಪಂಚೆ ಸುತ್ತಿ ಬಾಗಿಲು ತೆಗೆದರು.

ಅಂಗಳದಲ್ಲಿ ಹೆಣವನ್ನು ಹಲಗೆಯ ಮೇಲೆ ಕೂರಿಸಿ ನೀರು ಹುಯ್ದರು. ಜವರಪ್ಪ ಒದ್ದೆ ಪಂಚೆಗೆ ಕೈ ಹಾಕಿದ. ಕಾಂತರಾಜು ಆ ಕೈ ಹಿಡಿದುಕೊಂಡ.

"ಬಿಡಿ ದೊಡ್ಡಪ್ಪ. ನಾನೇ ಉಡಿಸ್ತೀನಿ. ಎಲ್ರೂ ಅತ್ಲಾಗ್ ತಿರುಗಿ."

"ನಾವೆಲ್ಲ ಗಂಡಸ್ರೇ ಅಲ್ವೇನೋ? ಏನ್ ನಾಚ್ಕೆ?"

"ತಿರುಗಿ ಅಂದ್ನಲ್ಲ!"

ಜನ ಗೊಣಗುತ್ತ ತಿರುಗಿದರು. ಕಾಂತರಾಜು ತಾನೂ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ಕೈಯಲ್ಲೇ ತಡವರಿಸುತ್ತ ಅಪ್ಪನಿಗೆ ಹೊಸ ಪಂಚೆ ಉಡಿಸಿದ.