ಮೂರನೆಯ ಸಾಲಿನ ಉಸಿರು

ಭಾನುವಾರದ ಆರಾಧನೆಯಲ್ಲಿ ಆ ಹಾಡಿನ ಮೂರನೆಯ ಸಾಲಿನ ನಡುವೆ ಇಡೀ ಸಭೆ ಒಮ್ಮೆ ನಿಲ್ಲುತ್ತದೆ. ಪುಸ್ತಕದಲ್ಲಿ ಅಲ್ಲಿ ನಿಲುಗಡೆಯಿಲ್ಲ, ಅರ್ಥಕ್ಕೂ ಅದು ಬೇಕಿಲ್ಲ. ಆದರೂ ಮುದುಕರು ನಿಲ್ಲುತ್ತಾರೆ, ಅವರನ್ನು ನೋಡಿ ಮಕ್ಕಳು ಮೊಮ್ಮಕ್ಕಳೂ ನಿಲ್ಲುತ್ತಾರೆ. ಆ ಗಳಿಗೆಯ ಮೌನದಲ್ಲಿ ಇಸ್ತ್ರಿಯಮ್ಮನ ಎಡಗಿವಿಯ ಪಕ್ಕ ಯಾರೋ ಉಸಿರೆಳೆದುಕೊಳ್ಳುತ್ತಾರೆ. ತೂತುಬಿದ್ದ ತಿದಿಯಂಥ ಉಸಿರು. ಅವಳು ಯಾವತ್ತೂ ತಿರುಗಿ ನೋಡಿದವಳಲ್ಲ. ನೋಡುವುದೇನು, ಮದುವೆಯಾಗುವ ತನಕ ಅಕ್ಕನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗಿದವಳು, ಆ ಉಸಿರು ಅವಳಿಗೆ ಗೊತ್ತು.

ಹೊಸದಾಗಿ ಬಂದ ಆರ್ಗನ್ ಮೇಷ್ಟ್ರಿಗೆ ಈ ನಿಲುಗಡೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತಾಗಿತ್ತು. ಲೂಥರನ್ ಸಭೆಗೆ ಅರುವತ್ತು ವರ್ಷ ತುಂಬಿದ್ದಕ್ಕೆ ತರುತ್ತಿದ್ದ ನೆನಪಿನ ಪುಸ್ತಕದ ಕೆಲಸವೂ ಅವನ ತಲೆಗೇ ಬಂದಿತ್ತು. ಹಾಗಾಗಿ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ, ಮೊದಲ ಸದಸ್ಯರಲ್ಲಿ ಉಳಿದಿದ್ದ ಮೂವರನ್ನು ಚರ್ಚಿನ ಹಿಂದಿನ ಕೋಣೆಯಲ್ಲಿ ಕೂರಿಸಿ, ಮೇಜಿನ ಮೇಲೆ ಫೋನಿಟ್ಟು ರೆಕಾರ್ಡಿಂಗ್ ಒತ್ತಿದ. ಒಬ್ಬಳು ಇಸ್ತ್ರಿಯಮ್ಮ. ಇನ್ನೊಬ್ಬ ಮೂವತ್ತು ವರ್ಷ ಬಸ್ಸು ಓಡಿಸಿದ ಡ್ರೈವರಣ್ಣ. ಮತ್ತೊಬ್ಬಳು ಊರಿನ ಅರ್ಧ ಜನರನ್ನು ಈ ಲೋಕಕ್ಕೆ ಕಾಲು ಹಿಡಿದು ಎಳೆದು ತಂದ ನರ್ಸತ್ತೆ.

ಚರ್ಚು ಕಟ್ಟುವ ಮೊದಲು ಆರು ವರ್ಷ ಇಸ್ತ್ರಿಯಮ್ಮ ಕೆಲಸಕ್ಕಿದ್ದ ಲಾಂಡ್ರಿಯಲ್ಲೇ ಆರಾಧನೆ. ಇಸ್ತ್ರಿ ಮಾಡುವ ಮೇಜೇ ಬಲಿಪೀಠ. ಅದರ ಮೇಲೆ ಹಾಸಲು ಯಾವುದೋ ಹೋಟೆಲಿನ ಬಿಳಿ ಹೊದಿಕೆ. ಸೋಮವಾರ ಅದನ್ನೇ ಮಡಿಸಿ ವಾಪಸು ಕಳಿಸುತ್ತಿದ್ದರು.

"ಒಂದ್ಸಲ ದ್ರಾಕ್ಷಾರಸ ಚೆಲ್ಲಿ ಕಲೆ ಆಯ್ತು," ಎಂದ ಡ್ರೈವರಣ್ಣ. "ಪಾದ್ರಿಗಳು ಇದು ಪವಿತ್ರ ಅಂತಿದ್ರೆ, ಇವಳು ಸೋಡಾ ಹಾಕಿ ಉಜ್ತಾ ಇದ್ಲು."

"ಹೋಟೆಲಿನೋನಿಗೆ ಪವಿತ್ರ ತಗೊಂಡು ಏನಾಗ್ಬೇಕಿತ್ತಪ್ಪ? ಬಿಳಿ ಬೇಕಿತ್ತು," ಎಂದಳು ಇಸ್ತ್ರಿಯಮ್ಮ.

ಮೇಷ್ಟ್ರು ನಕ್ಕು, "ಸರಿ, ಆ ಮೂರನೇ ಸಾಲಲ್ಲಿ ಯಾಕೆ ನಿಲ್ತೀರಿ?" ಎಂದು ಕೇಳಿದ. "ಪುಸ್ತಕದಲ್ಲಿ ಕಾರಣ ಹಾಕಿಬಿಟ್ಟು, ಮುಂದಿನ ವಾರದಿಂದ ಅದನ್ನ ನೇರ ಮಾಡೋಣ ಅಂತಿದೀನಿ."

"ಲಾಂಡ್ರಿ ಬಾಯ್ಲರ್ ಕಣಪ್ಪ," ಎಂದ ಡ್ರೈವರಣ್ಣ ತಟ್ಟನೆ. "ಸರಿಯಾಗಿ ಆ ಸಾಲಿಗೇ ಸಿಳ್ಳೆ ಹಾಕ್ತಿತ್ತು. ಅದು ಮುಗೀಲಿ ಅಂತ ಕಾಯ್ತಿದ್ವಿ."

"ಹೌದೌದು, ಬಾಯ್ಲರ್," ಎಂದಳು ನರ್ಸತ್ತೆ.

ಮೇಷ್ಟ್ರ ಮುಖ ಅರಳಿತು. "ಚೆನ್ನಾಗಿದೆ ಇದು. ಅಲ್ವಾ ಅಜ್ಜಿ?"

ಇಸ್ತ್ರಿಯಮ್ಮ ಫೋನಿನ ಕೆಂಪು ಚುಕ್ಕೆಯನ್ನು ನೋಡಿದಳು. ಹೂಂ ಅಂದರೆ ಮುಗಿಯಿತು. ಮುಂದಿನ ವಾರದಿಂದ ಮೌನವಿಲ್ಲ. ಮೌನವಿಲ್ಲದ ಮೇಲೆ ಉಸಿರೂ ಇಲ್ಲ. ಐವತ್ತೈದು ವರ್ಷ ಅವಳು ಬೇಡಿಕೊಂಡಿದ್ದು ಅದನ್ನೇ. ಅಕ್ಕ ಮಾತ್ರ ಬಾಯ್ಲರ್ ಆಗಿ ಅಚ್ಚಾಗುತ್ತಾಳೆ.

"ಭಾನುವಾರ ಬಾಯ್ಲರ್‌ಗೆ ಬೆಂಕಿ ಇರ್ತಿರ್ಲಿಲ್ಲ," ಎಂದಳು. "ಬೀಗದ ಕೈ ನನ್ನ ಹತ್ರಾನೇ ಇತ್ತು."

ಉಳಿದಿಬ್ಬರೂ ಅವಳತ್ತ ನೋಡಲಿಲ್ಲ.

"ಆರ್ಗನ್ ಇರ್ಲಿಲ್ಲ. ನಮ್ಮಕ್ಕ ರಾಗ ಎತ್ತುತ್ತಿದ್ಲು. ಎದೆ ಕಾಯಿಲೆ, ಅಂಟೋ ಅಂಥದ್ದು. ಆ ಸಾಲಿಗೆ ಬರೋ ಹೊತ್ಗೆ ದಮ್ಮು ಸಾಲ್ತಿರ್ಲಿಲ್ಲ, ನಾವೆಲ್ಲ ಕಾಯ್ತಿದ್ವಿ. ಪ್ರಭುಭೋಜನಕ್ಕೆ ಇದ್ದಿದ್ದು ದ್ರಾಕ್ಷಾರಸದ ಒಂದೇ ಬಟ್ಟಲು, ಎಲ್ಲರ ತುಟೀನೂ ಅದಕ್ಕೇ. ನನ್ನ ಕೂಸಿಗೆ ಆಗ ನಾಲ್ಕು ತಿಂಗಳು. ಪಾದ್ರಿಗಳ ಮನೆಗೆ ಹೋಗಿ, ಅವಳಿಗೆ ಬಟ್ಟಲು ಕೊಡಬೇಡಿ ಅಂದೆ. ನಾನು ಹೇಳ್ದೆ ಅಂತ ಹೇಳಬೇಡಿ ಅಂತಾನೂ ಅಂದೆ."

ಇಸ್ತ್ರಿಯಮ್ಮ ಮುಂದುವರಿಸಿದಳು.

"ಆ ಭಾನುವಾರ ರೊಟ್ಟಿ ಕೊಟ್ರು. ಬಟ್ಟಲು ಹಿಡಿದು ಅವಳನ್ನ ದಾಟಿ ಮುಂದಿನೋರ ಹತ್ರ ಹೋದ್ರು. ಅವಳು ಬಾಯಿ ತೆರ್ಕೊಂಡೇ ಇದ್ಲು. ಮುಂದಿನ ವಾರ ಬರ್ಲಿಲ್ಲ. ಆಮೇಲೂ ಬರ್ಲಿಲ್ಲ. ಅದಾಗಿ ನಾಲ್ಕು ತಿಂಗಳಿಗೆ ಅಕ್ಕ ಹೋಗ್ಬಿಟ್ಲು."

ನರ್ಸತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಪಾದ್ರಿಗಳ ಮನೆಗೆ ಯಾವತ್ತು ಹೋಗಿದ್ದೆ ನೀನು?"

"ಮಂಗಳವಾರ."

"ನಾನು ಸೋಮವಾರ. ನರ್ಸಾಗಿ ಹೇಳದೆ ಇರೋಕಾಗುತ್ತಾ ಅಂದ್ಕೊಂಡೆ. ಇಷ್ಟು ವರ್ಷ ನಾನೊಬ್ಳೇ ಅಂದ್ಕೊಂಡಿದ್ದೆ ಕಣೇ."

ಡ್ರೈವರಣ್ಣ ಮೇಜಿನತ್ತ ಬಾಗಿದ. "ನಾನು ಹೋಗಿದ್ದು ಅದಕ್ಕೂ ಹಿಂದಿನ ಭಾನುವಾರ, ಸಂಜೆ. ನಾನು ಅವಳ ಪಕ್ಕಾನೇ ಮಂಡಿ ಊರ್ತಿದ್ದೆ, ಅವಳಾದ್ಮೇಲೆ ಬಟ್ಟಲು ನಂಗೇ."

ಎದೆಯ ಮೇಲಿನ ಕಲ್ಲು ಇಳಿಯಬೇಕಿತ್ತು. ಇಳಿಯಲಿಲ್ಲ. ಇಸ್ತ್ರಿಯಮ್ಮನಿಗೆ ಸಿಟ್ಟು ಬಂತು. ತಾನು ಆ ಕದ ತಟ್ಟುವ ಹೊತ್ತಿಗೆ ಎಲ್ಲ ತೀರ್ಮಾನವಾಗಿಹೋಗಿತ್ತು. ಅವಳು ಹೋಗಬೇಕಾದ್ದೇ ಇರಲಿಲ್ಲ. ಆದರೂ ಹೋಗಿದ್ದಳು.

"ಇದನ್ನ ಹಾಕ್ಲಾ," ಮೇಷ್ಟ್ರು ಮೆಲ್ಲಗೆ ಕೇಳಿದ, "ಇಲ್ಲ, ಬಾಯ್ಲರ್‌ದೇ ಇರ್ಲಾ?"

"ಸತ್ತೋಳನ್ನ ಯಾಕೆ ಎಬ್ಬಿಸ್ತೀಯಮ್ಮ," ಎಂದ ಡ್ರೈವರಣ್ಣ.

"ಅವಳು ಮಲಗಿದಾಳೆ ಅಂತ ನಿಂಗ್ಯಾರು ಹೇಳಿದ್ದು?" ಎಂದಳು ಇಸ್ತ್ರಿಯಮ್ಮ.

ಡ್ರೈವರಣ್ಣ ಕಿವಿಯನ್ನು ಉಜ್ಜಿಕೊಂಡ. "ಅವಳ ಉಸಿರು ನಂಗೆ ಬಲಗಿವೀಲಿ ಕೇಳುತ್ತೆ," ಎಂದ.

ನರ್ಸತ್ತೆ ಕಣ್ಣು ಮುಚ್ಚಿಕೊಂಡಳು. ಎಲ್ಲಿ ಕೇಳುತ್ತದೆ ಎಂದು ಅವಳು ಹೇಳಲೂ ಇಲ್ಲ, ಅವಳನ್ನು ಯಾರೂ ಕೇಳಲೂ ಇಲ್ಲ.

ಇಸ್ತ್ರಿಯಮ್ಮ ಫೋನನ್ನು ತನ್ನತ್ತ ಎಳೆದುಕೊಂಡಳು. "ಮೂರೂ ಹಾಕು. ನಂದು ಮೊದಲು."

"ಮೊದಲು ಹೋಗಿದ್ದು ನಾನಲ್ವಾ," ಎಂದ ಡ್ರೈವರಣ್ಣ.

"ನೀನು ಪಕ್ಕದಲ್ಲಿ ಕೂತೋನು. ನಾನು ಒಡಹುಟ್ಟಿದೋಳು," ಎಂದು ಅವಳು ಮೇಷ್ಟ್ರ ಕಡೆ ತಿರುಗಿದಳು. "ಬರ್ಕೊ. ಲಾಂಡ್ರೀಲಿ ಕಿತ್ತುಹೋದ ಗುಂಡಿಗಳನ್ನೆಲ್ಲ ಹೊಲೀತಿದ್ದೋಳು ಅವಳೇ. ಜಗಳಗಂಟಿ. ಅದನ್ನೂ ಬರ್ಕೊ."