ಸೇತುವೆಯ ಮೇಲಿನ ಸೂಪಿನ ಬಟ್ಟಲು

ಹಿರೋಕೊ ನಮ್ಮ ಮೇಲಿನ ಫ್ಲ್ಯಾಟಿನವರು. ನಾನು ಧಾರವಾಡದಿಂದ ಇಂಗ್ಲಿಷರ ದೇಶಕ್ಕೆ, ಈಸ್ಟ್ ಹ್ಯಾಮಿನ ಮಗಳ ಮನೆಗೆ ಬಂದ ಹೊಸತರಲ್ಲಿ, ಲಿಫ್ಟ್ ಕೆಟ್ಟಿದ್ದ ದಿನ ನನ್ನ ತರಕಾರಿ ಚೀಲವನ್ನು ಕೇಳದೆಯೇ ಎತ್ತಿಕೊಂಡು ಮೆಟ್ಟಿಲು ಹತ್ತಿದವರು. ತೊಂಬತ್ತೊಂಬತ್ತರ ಚಳಿಗಾಲದಲ್ಲಿ ಅವರು ಜಪಾನಿಗೆ, ತಂಗಿಯ ಮನೆಗೆ, ಮರಳುವುದೆಂದಾಯಿತು. ಹೊರಡುವ ಮೊದಲು ಅವರಿಗೊಂದು ಆಸೆಯಿತ್ತು.

ತೀರಿಕೊಂಡ ಅವರ ಗಂಡ ಹಿಂದೆ ಜಪಾನಿನಲ್ಲಿ ಒಂದು ಸೂಪ್ ಕಂಪನಿಗಾಗಿ ವಿಡಿಯೊ ಗೇಮ್ ಮಾಡಿದ್ದರು. ಸೂಪ್ ಪೊಟ್ಟಣದ ಕಾಗದಗಳನ್ನು ಕಳಿಸಿದವರಿಗೆ ಬಹುಮಾನವಾಗಿ ಕೊಟ್ಟ ಆಟ, ಅಂಗಡಿಯಲ್ಲಿ ಮಾರಿದ್ದಲ್ಲ. ಆಟವನ್ನು ಗೆದ್ದು ಮುಗಿಸಿದಾಗ ಅದನ್ನು ಮಾಡಿದವರ ಹೆಸರು ಬರುತ್ತದೆಂದು ಹಿರೋಕೊ ನಂಬಿದ್ದರು. ಗಂಡನ ಹೆಸರನ್ನು ಪರದೆಯ ಮೇಲೆ ಒಮ್ಮೆ ನೋಡಬೇಕಿತ್ತು. ಆದರೆ ಆಡಲು ಇಬ್ಬರು ಬೇಕು. ಹಾಗಾಗಿ ಹಳೆಯ ಯಂತ್ರವನ್ನು ನಮ್ಮ ಟಿವಿಗೆ ತಂದು ಜೋಡಿಸಿ, ಸಂಜೆ ಹೊತ್ತು ನನ್ನ ಮೊಮ್ಮಗಳು ಅಂಕಿತಾಳ ಜೊತೆ ಕೂಡುತ್ತಿದ್ದರು.

ಆಟದಲ್ಲಿ ಉಣ್ಣೆ ಟೊಪ್ಪಿಗೆಯ ಇಬ್ಬರು ಪಯಣಿಗರು ಹಿಮದ ಬೆಟ್ಟ ದಾಟಬೇಕು. ಚಳಿಗೆ ಶಕ್ತಿ ಇಳಿಯುತ್ತದೆ. ದಾರಿಯಲ್ಲಿರುವ ಬಿಸಿ ಸೂಪಿನ ಬಟ್ಟಲು ಮುಟ್ಟಿದರೆ ಮತ್ತೆ ತುಂಬುತ್ತದೆ. ಕೊನೆಯ ಸೇತುವೆಯ ಮೇಲೆ ಮಾತ್ರ ಇಬ್ಬರಿಗೂ ಒಂದೇ ಬಟ್ಟಲು. ಒಬ್ಬರು ಮುಟ್ಟಿದರೆ ಇನ್ನೊಬ್ಬರು ಹೆಪ್ಪುಗಟ್ಟಿ ಬೀಳುತ್ತಿದ್ದರು. ದಿನವೂ ಆಟ ಅಲ್ಲಿಗೇ ಮುಗಿಯುತ್ತಿತ್ತು.

ಅವರು ಹೊರಡುವ ಹಿಂದಿನ ದಿನ ಸೇತುವೆ ಬಂದಾಗ ಅಂಕಿತಾ ಬೇಸತ್ತು, “ಅಜ್ಜಿ, ಐ ಗಿವ್ ಅಪ್. ನೀ ಆಡು,” ಎಂದು ಗುಂಡಿಗಳಿದ್ದ ಹಿಡಿಯನ್ನು ನನ್ನ ಕೈಗಿತ್ತಳು.

ನಾನು ಬಟ್ಟಲಿನ ಹತ್ತಿರ ಹೋಗಿ ನಿಂತೆ. ಹಿರೋಕೊ ಆಚೆ ಬದಿಗೆ ಬಂದು ನಿಂತರು.

“ನೀವು ಮೊದಲು ತಗೋರಿ,” ಎಂದೆ. ಅವರೊಡನೆ ಇಂಗ್ಲಿಷಿನಲ್ಲಿ ಮಾತಾಡಬೇಕೆಂಬುದೇ ಮರೆತಿತ್ತು. ಅವರೂ ತಮ್ಮ ಭಾಷೆಯಲ್ಲೇ ಏನೋ ಹೇಳಿ, ನೀವೇ ಮೊದಲು ಎಂಬಂತೆ ಕೈ ಮುಂದೆ ಚಾಚಿದರು.

“ಅಜ್ಜಿ, ಜಸ್ಟ್ ಟೇಕ್ ಇಟ್. ಸಾಯ್ತೀ.”

“ಮನಿಗೆ ಬಂದವರನ್ನ ಬಿಟ್ಟು ನಾ ಹೆಂಗ ಕುಡೀಲಿ?”

“ಇಟ್ಸ್ ಎ ಗೇಮ್, ಅಜ್ಜಿ.”

“ಆದ್ರೇನಾತು.”

ಇಬ್ಬರ ಶಕ್ತಿಯೂ ಇಳಿಯುತ್ತಲೇ ಇತ್ತು. ಇಬ್ಬರೂ ಮುಟ್ಟಲಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಬಟ್ಟಲಿನ ಮುಚ್ಚಳ ತಾನಾಗಿ ತೆರೆಯಿತು. ಒಳಗೆ ಎರಡು ಚಮಚಗಳಿದ್ದವು. ಪಯಣಿಗರಿಬ್ಬರೂ ಕೂತು ಕುಡಿದರು. ಇಬ್ಬರ ಶಕ್ತಿಯೂ ತುಂಬಿತು. ಅಂಕಿತಾ ಬಾಯಿ ತೆರೆದು ನೋಡುತ್ತಿದ್ದಳು.

ಸೇತುವೆ ದಾಟಿದೆವು. ಪರದೆಯ ಮೇಲೆ ಕಂಪನಿಯ ಹೆಸರು ಬಂತು, ಧನ್ಯವಾದ ಬಂತು. ಹಿರೋಕೊ ಕನ್ನಡಕ ಸರಿಪಡಿಸಿಕೊಂಡು ಕೊನೆಯ ಸಾಲಿನವರೆಗೂ ಓದಿದರು.

“ಅವರ ಹೆಸರಿಲ್ಲ,” ಎಂದರು ಇಂಗ್ಲಿಷಿನಲ್ಲಿ.

ನಾನು ಚಹಾ ಮಾಡಲು ಎದ್ದೆ. ಕಪ್ಪುಗಳನ್ನು ತಂದಾಗ ಅವರ ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ನಗುವಿತ್ತು.

“ಮನೆಯಲ್ಲಿ ನಾನು ಬಂದು ಕೂಡುವವರೆಗೂ ಅವರು ಚಮಚ ಮುಟ್ಟುತ್ತಿರಲಿಲ್ಲ. ಸೂಪ್ ಆರುತ್ತದೆ, ಕುಡೀರಿ ಎಂದು ಬೈಯುತ್ತಿದ್ದೆ.”

ಸೂಪ್ ಮಾರಲು ಮಾಡಿಸಿದ ಆಟದೊಳಗೆ, ಯಾರಿಗೂ ಹೇಳದೆ, ಹೆಂಡತಿಗಾಗಿ ಕಾಯುವ ತಮ್ಮ ರೂಢಿಯನ್ನು ಇಟ್ಟುಹೋದ ಆ ಮನುಷ್ಯನನ್ನು ನಾನು ನೋಡಿಯೇ ಇರಲಿಲ್ಲ. ನೋಡಬೇಕಿತ್ತು ಅನ್ನಿಸಿತು.

ಅಂಕಿತಾ ಆಟವನ್ನು ಮೊದಲಿನಿಂದ ಹಚ್ಚಿ, ಹಿರೋಕೊ ಕೈಗೆ ಅವರ ಹಿಡಿ ಕೊಟ್ಟಳು. ನನ್ನ ಕಡೆ ತಿರುಗಿ, “ಬ್ರಿಜ್ ತನಕಾ ನಾ ಒಯ್ತೀನಿ. ಅಲ್ಲಿಂದ ನೀ,” ಎಂದಳು.

ಚಹಾ ಆರಿತು. ಯಾರೂ ಮೊದಲು ಎತ್ತಿಕೊಳ್ಳಲಿಲ್ಲ.