ಹೂವಿನ ವ್ಯಾನಿನ ಫ್ಯೂಸ್

ನನ್ನ ಹೆಸರು ಯಶೋಧಾ, ಹಡಗಲಿ ಪಕ್ಕದ ಹಳ್ಳಿಯವಳು. ನನ್ನ ಗಂಡ ಅಂಜಿನೇಯಲು ಹಳೆಯದೊಂದು ವ್ಯಾನು ಓಡಿಸುತ್ತಾರೆ. ಬೆಳಗಿನ ಜಾವ ತೋಟಗಳಿಂದ ಮಲ್ಲಿಗೆ ಮೊಗ್ಗು ತುಂಬಿಕೊಂಡು ಹರಪನಹಳ್ಳಿಗೆ ಹೋಗುವುದು ನಮ್ಮ ಕಸುಬು. ಹೂ ಮಾರುವ ಹೆಂಗಸರೂ ಅದರಲ್ಲೇ ಬರುತ್ತಾರೆ. ಮೊಗ್ಗು ಬಾಡಬಾರದೆಂದು ಒದ್ದೆ ಗೋಣಿಚೀಲದಲ್ಲಿ ಕಟ್ಟಿ ಹಿಂದೆ ಒಟ್ಟುತ್ತೇವೆ.

ಈ ವರ್ಷ ಹೂವಿನ ಸುಗ್ಗಿಯಲ್ಲೇ ವ್ಯಾನಿಗೆ ರೋಗ ಹಿಡಿಯಿತು. ಹಿಂದಿನ ಕೆಂಪು ದೀಪದ ಫ್ಯೂಸ್ ಪದೇ ಪದೇ ಸುಡುತ್ತಿತ್ತು. ಕತ್ತಲಲ್ಲಿ ಆ ದೀಪ ಇಲ್ಲದಿದ್ದರೆ ಹಿಂದೆ ಬರುವ ಲಾರಿಯವನಿಗೆ ನಮ್ಮ ಗಾಡಿ ಕಾಣುವುದೇ ಇಲ್ಲ.

"ಯಾರಿಗಾರ ತೋರಸ್ರಿ" ಎಂದೆ.

"ತೋರ್ಸೋದೇನೈತಿ? ಫ್ಯೂಸ್ ಸಣ್ಣದಾತು, ಅಷ್ಟ. ದೊಡ್ಡದು ಹಾಕಿದ್ರ ತಡಿತೈತಿ. ನೀ ಸುಮ್ನಿರು" ಎಂದರು.

ಹತ್ತು ಆಂಪಿಯರಿನ ಕೆಂಪು ಫ್ಯೂಸಿನ ಜಾಗಕ್ಕೆ ಹದಿನೈದರ ನೀಲಿ ಬಂತು. ಆಮೇಲೆ ಇಪ್ಪತ್ತರ ಹಳದಿ. ಅದೂ ಸುಟ್ಟಾಗ ಯಜಮಾನರಿಗೆ ಹಠ ಹತ್ತಿತು. ಹಳೆಯ ಪಂಪಿನ ಮೋಟರಿನ ತಾಮ್ರದ ತಂತಿಯನ್ನು ಮಡಚಿ ಫ್ಯೂಸಿನ ಜಾಗಕ್ಕೆ ತುರುಕಿದರು. "ಈಗ ಸುಡ್ಲಿ ನೋಡಾಣ!" ಎಂದು ಮೀಸೆ ತಿರುವಿದರು.

ಮಾರನೆಯ ದಿನ ನಸುಕಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ನಾನು, ಹೂ ಮಾರುವ ನಮ್ಮ ಹೆಂಗಸರ ಸಂಘದ ಮಕ್ತುಂಬಕ್ಕ, ಅವಳ ಮಡಿಲಲ್ಲಿ ನಿದ್ದೆ ಹೋದ ಮೊಮ್ಮಗಳು ಸಿಮ್ರಾನ. ಅರ್ಧ ದಾರಿ ದಾಟಿರಲಿಲ್ಲ, ಮಕ್ತುಂಬಕ್ಕ ಮೂಗು ಅರಳಿಸಿದಳು.

"ಲೇ ಅಂಜಿನೇಯಲು, ಗಾಡಿ ನಿಂದ್ರಸು. ರಬ್ಬರ್ ಸುಟ್ಟ ವಾಸನಿ ಬರಾಕತ್ತೈತಿ."

"ಹೊಲದಾಗ ಯಾರೋ ಕಸ ಸುಡ್ತಿರಬೇಕು ಬಿಡಕ್ಕಾ."

"ಕಸ ಅಲ್ಲಲೇ! ನಿನ್ನ ಮೊಳಕಾಲತ್ರ ನೋಡು, ಹೊಗಿ!"

ನಿಜ. ಸ್ಟೇರಿಂಗಿನ ಕೆಳಗಿನಿಂದ ಹೊಗೆ ಎದ್ದಿತ್ತು. ಅವರು ಗಾಡಿ ಬದಿಗೆ ಹಾಕಿ ಕೀ ತಿರುವಿದರು, ಎಲ್ಲರನ್ನೂ ಇಳಿಸಿ ದೂರ ನಿಲ್ಲಿಸಿದರು, ಓಡಿಹೋಗಿ ಬ್ಯಾಟರಿಯ ವೈರು ಕಿತ್ತರು. ಹೊಗೆ ನಿಂತಿತು. ಸಿಮ್ರಾನ ಇನ್ನೂ ಅಜ್ಜಿಯ ಹೆಗಲ ಮೇಲೆ ನಿದ್ದೆಯಲ್ಲೇ ಇದ್ದಳು. ನಾನು ನನ್ನ ಸೆರಗನ್ನು ಆ ಕೂಸಿಗೆ ಹೊದಿಸಿದೆ.

ಹೂವನ್ನು ಹಿಂದೆ ಬಂದ ಟೆಂಪೋಗೆ ಹಾಕಿ ಕಳಿಸಿದೆವು. ಮಕ್ತುಂಬಕ್ಕ ತನ್ನ ತಮ್ಮ ನಯಾಜನಿಗೆ ಫೋನ್ ಮಾಡಿದಳು. ಅವನು ಹರಪನಹಳ್ಳಿಯಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಾನೆ. ಬೈಕಿನಲ್ಲಿ ಬಂದವನೇ ಮೊದಲು ಆ ತಾಮ್ರದ ತಂತಿ ಕಿತ್ತು ಅಂಗೈ ಮೇಲಿಟ್ಟುಕೊಂಡ.

"ಅಣ್ಣಾ, ಫ್ಯೂಸ್ ಇರೋದ ಸುಡಾಕ. ಎಲ್ಲೋ ವೈರ್ ಗಾಡಿ ತಗಡಿಗೆ ತಾಗಿ ಕರೆಂಟ್ ಜಾಸ್ತಿ ಹರಿದ್ರ, ಅದು ತಾನು ಸುಟ್ಟು ಕರೆಂಟ್ ನಿಂದ್ರಸ್ತೈತಿ. ನೀವು ಅದನ್ನ ಸುಡದಂಗ ಮಾಡಿದ್ರಿ. ಒಳಗಿನ ವೈರ್ ಸುಡಾಕತ್ತು."

"ಮತ್ತ ದೊಡ್ಡ ಫ್ಯೂಸ್?"

"ವೈರ್ ಎಷ್ಟು ತಡಿತೈತೋ ಅಷ್ಟರದ ಹಾಕಬೇಕಣ್ಣಾ. ಹತ್ತರ ಜಾಗಕ್ಕ ಹತ್ತೇ. ಅದು ಸುಟ್ರ ಯಾಕ ಸುಡ್ತು ಅಂತ ಹುಡುಕಬೇಕು. ಯಾವಾಗ ಸುಡ್ತಿತ್ತು?"

"ಯಾವಾಗಂದ್ರ ಅವಾಗ" ಎಂದರು ನಮ್ಮವರು.

"ಅಲ್ರಿ, ಹೂ ಹೇರಿದಾಗಷ್ಟ" ಎಂದೆ ನಾನು. "ಮೊನ್ನಿ ಉಜ್ಜಿನಿಯಿಂದ ಕತ್ತಲಾಗ ಖಾಲಿ ಗಾಡ್ಯಾಗ ಬಂದ್ವಿ. ಏನೂ ಆಗ್ಲಿಲ್ಲ."

"ಯಕ್ಕಾ, ಅರ್ಧ ಕೆಲಸ ನೀವ ಮಾಡಿದ್ರಿ" ಎಂದು ನಯಾಜ ನಕ್ಕ.

ಸ್ಟೇರಿಂಗಿನ ಕೆಳಗೆ ಬಿಸಿಗೆ ಮೆತ್ತಗಾಗಿದ್ದ ವೈರನ್ನು ಬದಲಿಸಿ, ಫ್ಯೂಸಿನ ಜಾಗಕ್ಕೆ ಎರಡು ವೈರು ಕಟ್ಟಿದ ಒಂದು ಬಲ್ಬ್ ಸಿಕ್ಕಿಸಿದ. ಬ್ಯಾಟರಿ ಜೋಡಿಸಿ ದೀಪದ ಸ್ವಿಚ್ ಹಾಕಿದಾಗ ಬಲ್ಬ್ ಮಂಕಾಗಿ ಉರಿಯಿತು. "ಇದು ಝಗ್ ಅಂತ ಉರಿದ್ರ ವೈರ್ ತಗಡಿಗೆ ತಾಗಿ ಶಾರ್ಟ್ ಆಗೈತಿ ಅಂತ. ಯಕ್ಕಾ, ಮೂಟಿ ಇಡೋ ಜಾಗದಾಗ ಕುಂದರ್ರಿ."

ನಾನು ಕೂತೆ. ಬಲ್ಬ್ ಝಗ್ ಎಂದಿತು! ಎದ್ದೆ, ಮಂಕಾಯಿತು. ಮತ್ತೆ ಕೂತೆ, ಮತ್ತೆ ಝಗ್.

"ಯಶೋಧಾ, ಇನ್ನರ ಒಂದು ರೊಟ್ಟಿ ಕಮ್ಮಿ ತಿನ್ನ!" ಎಂದಳು ಮಕ್ತುಂಬಕ್ಕ. ಹೆದರಿಕೆಯಲ್ಲೂ ಎಲ್ಲರಿಗೂ ನಗು ಬಂತು.

ಅಲ್ಲಿನ ಮ್ಯಾಟ್ ಎತ್ತಿದಾಗ ರೋಗ ಸಿಕ್ಕಿತು. ಒದ್ದೆ ಚೀಲದ ನೀರು ಇಳಿದು ತಗಡು ತುಕ್ಕು ಹಿಡಿದಿತ್ತು, ವೈರನ್ನು ಹಿಡಿದಿದ್ದ ಕ್ಲಿಪ್ ಮುರಿದಿತ್ತು. ವೈರು ತಗಡಿನ ಚೂಪು ಅಂಚಿಗೆ ಉಜ್ಜಿ ಉಜ್ಜಿ ಒಳಗಿನ ತಾಮ್ರ ಕಾಣುತ್ತಿತ್ತು. ಮೇಲೆ ಭಾರ ಬಿದ್ದಾಗಲೆಲ್ಲ ಅದು ತಗಡಿಗೆ ತಾಗುತ್ತಿತ್ತು. ನಯಾಜ ಅಲ್ಲಿಗೂ ಹೊಸ ವೈರು ಹಾಕಿ, ಕೊಳವೆ ತೊಡಿಸಿ, ನೀರು ತಾಗದಂತೆ ಪಕ್ಕಕ್ಕೆ ಬಿಗಿದ. ಹತ್ತರ ಕೆಂಪು ಫ್ಯೂಸ್ ಹಾಕಿದ. ದೀಪದ ಸ್ವಿಚ್ ಹಾಕಿ ನಾನು, ನಮ್ಮವರು, ಮಕ್ತುಂಬಕ್ಕ ಮೂವರೂ ಮೂಟೆಯ ಜಾಗದಲ್ಲಿ ಹತ್ತಿ ಕೂತೆವು. ಫ್ಯೂಸ್ ಗಟ್ಟಿಯಾಗಿ ನಿಂತಿತು.

ನಮ್ಮವರು ನಯಾಜನ ಎರಡೂ ಕೈ ಹಿಡಿದುಕೊಂಡರು. "ನನ್ನ ಗಾಡಿ ಉಳಿಸಿದ್ಯೋ ತಮ್ಮಾ."

"ಗಾಡಿ ನಾ ರಿಪೇರಿ ಮಾಡೀನಿ. ಉಳ್ಸಿದ್ದು ನಮ್ಮಕ್ಕ. ಆಕಿಗೆ ಹೇಳ್ರಿ."

ಅವರು ಮಕ್ತುಂಬಕ್ಕನ ಕಡೆ ತಿರುಗಿದರು. "ಅಕ್ಕಾ, ನೀ ಒದರದಿದ್ರ ಈ ಕೂಸು..." ಸಿಮ್ರಾನಳ ತಲೆ ಸವರಿ ಕಣ್ಣೊರೆಸಿಕೊಂಡರು. ಅಕ್ಕ ತಮ್ಮ ಇಬ್ಬರನ್ನೂ ನಾನು ದಿನಾ ನೆನೆಯುತ್ತೇನೆ. ಈಗ ಮೂಟೆಯ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸುತ್ತೇವೆ, ಅದೇ ನಂಬರಿನ ಬಿಡಿ ಫ್ಯೂಸ್ ಇಟ್ಟುಕೊಳ್ಳುತ್ತೇವೆ.

ಅಣ್ಣಂದಿರೇ, ಅಕ್ಕಂದಿರೇ, ಫ್ಯೂಸ್ ಸುಟ್ಟರೆ ಬೈಯಬೇಡಿ, ಅದು ನಿಮ್ಮನ್ನು ಕಾಯ್ದಿದೆ. ಹೊಸದು ಹಾಕಿದರೂ ಮತ್ತೆ ಸುಟ್ಟರೆ ಗಾಡಿಯನ್ನು ತಿಳಿದವರಿಗೆ ತೋರಿಸಿ. ಯಾವಾಗ, ಯಾವ ಸ್ವಿಚ್ ಹಾಕಿದಾಗ, ಎಷ್ಟು ಭಾರ ಇದ್ದಾಗ ಸುಟ್ಟಿತು ಎಂದು ಹೇಳಿ. ತಂತಿಯನ್ನಾಗಲಿ, ಸಿಗರೇಟಿನ ಬೆಳ್ಳಿ ಕಾಗದವನ್ನಾಗಲಿ ಎಂದೂ ತುರುಕಬೇಡಿ. ಈಗಾಗಲೇ ತುರುಕಿದ್ದರೆ ಇವತ್ತೇ ಎದ್ದು ಹೋಗಿ ಕಿತ್ತುಹಾಕಿ. ಫ್ಯೂಸಿನ ಜಾಗದಲ್ಲಿ ಏನಿದೆ ಎಂದು ಹಿಂದೆ ಕೂತವರಿಗೆ ಗೊತ್ತಿರುವುದಿಲ್ಲ. ಅವರು ನಿಮ್ಮನ್ನು ನಂಬಿ ಮಕ್ಕಳನ್ನು ಮಲಗಿಸಿಕೊಂಡು ಕೂತಿರುತ್ತಾರೆ.